ಮೈಕಮ್ಮನ ಒಂದು ನಿಮಿಷ

ನನ್ನ ಸೋದರತ್ತೆಗೆ ತಂದೆತಾಯಿ ಇಟ್ಟ ಹೆಸರೊಂದು ಇತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಊರಿಗೆಲ್ಲ ಅವಳು ಮೈಕಮ್ಮ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಮೇಲೆ, ಮೂರು ಕಡೆ ಗಾಜು ಹಾಕಿದ ಗೂಡಿನಂಥ ಕೋಣೆಯಲ್ಲಿ ಕುಳಿತು, ಯಾವ ಬಸ್ಸು ಎಷ್ಟನೇ ಅಂಕಣದಲ್ಲಿ ನಿಂತಿದೆ, ಯಾವ ಹೊತ್ತಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಹೇಳಬೇಕಾದದ್ದು ಅಷ್ಟೇ, ಹೇಳುತ್ತಿದ್ದುದು ಅದರ ನಾಲ್ಕು ಪಟ್ಟು. ಕೊಡೆ ಮರೆತವರಿಗೆ ಕೊಡೆಯ ನೆನಪು, ಮಗು ಮರೆತವರಿಗೆ ಮಗುವಿನ ನೆನಪು, ಬೆಂಚಿನ ಮೇಲೆ ಮುನಿಸಿಕೊಂಡು ಕೂತ ಗಂಡಹೆಂಡಿರಿಗೆ ಬುದ್ಧಿಮಾತು, ಹಣ್ಣಿನ ಸಿಪ್ಪೆ ಎಸೆದವನಿಗೆ ಎಲ್ಲರೆದುರು ಮಂಗಳಾರತಿ. ಬಸ್ಸು ತಡವಾದರೆ ಜನ ಬೇಸರಪಡುತ್ತಿರಲಿಲ್ಲ. ತಡವಾದಷ್ಟೂ ಮೈಕಮ್ಮನ ಮಾತು ಹೆಚ್ಚು.

ಆ ಕೆಲಸವನ್ನು ಅವಳು ನಿಲ್ದಾಣದಲ್ಲೇ ಬಿಟ್ಟು ಬರಬಹುದಿತ್ತು. ಬಿಡುತ್ತಿರಲಿಲ್ಲ. ಮನೆಯಲ್ಲಿ ಟೀ ಆದರೆ, ಟೀ ಬಂದು ಮೇಜಿನ ಮೇಲೆ ನಿಂತಿದೆ, ಆರುವ ಮುನ್ನ ಹೊರಡಲಿದೆ ಎಂದು ಅಡುಗೆಮನೆಯಿಂದ ಘೋಷಣೆ. ಸ್ನಾನಕ್ಕೆ ಹೋದವರು ತಡಮಾಡಿದರೆ ಬಚ್ಚಲ ಬಾಗಿಲಲ್ಲಿ ಕೊನೆಯ ಕರೆ. ನಾನು ಹಳ್ಳಿಯಿಂದ ಬಂದು ಅವಳ ಮನೆಯಲ್ಲಿದ್ದುಕೊಂಡು ದಂತ ಕಾಲೇಜಿನಲ್ಲಿ ಹಲ್ಲು ಶುಚಿ ಮಾಡುವ ಕೋರ್ಸು ಓದುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಹಾಗಾಗಿ ಪುಸ್ತಕ ಹಿಡಿದು ಕೂತರೆ ಸುಲಭಕ್ಕೆ ಏಳುತ್ತಿರಲಿಲ್ಲ. ಅತ್ತೆಯ ಮಾತಿನ ನಡುವೆಯೇ ಓದಿ ಓದಿ, ಪರೀಕ್ಷಾ ಕೊಠಡಿಯ ಮೌನದಲ್ಲಿ ಕಿವಿ ಗುಂಯ್‌ಗುಟ್ಟಿ ಉತ್ತರ ಮರೆತುಹೋಗುವಂತಾಗುತ್ತಿತ್ತು.

ಮಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೊರಳಲ್ಲಿ ಟೇಪು, ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿ. ಬೆಳಗ್ಗೆ ಬಾಯಿಗೆ ಹೋದ ಸೂಜಿಗಳು ಊಟದ ಹೊತ್ತಿಗೆ ಹೊರಗೆ ಬಂದು, ಊಟ ಮುಗಿದ ಮೇಲೆ ಮತ್ತೆ ಒಳಗೆ ಹೋಗುತ್ತಿದ್ದವು. ಮದುವೆಯಾದಂದಿನಿಂದ ಅವನು ಆಡಿದ್ದು ಎರಡೇ ಮಾತು ಎಂದು ನೆಂಟರು ನಗುತ್ತಿದ್ದರು. ಒಂದು ‘ಹ್ಞೂಂ’, ಇನ್ನೊಂದು ‘ಊಹ್ಞೂಂ’. ಅತ್ತೆಗೆ ಇದರಿಂದ ಯಾವ ಕೊರತೆಯೂ ಆಗಿರಲಿಲ್ಲ. ಅವನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ತಾನೇ ಪ್ರಶ್ನೆ ಕೇಳಿ, ಅವನ ಪರವಾಗಿ ಉತ್ತರ ಕೊಟ್ಟು, ಆ ಉತ್ತರಕ್ಕೆ ಸಿಟ್ಟಾಗಿ, ಸ್ವಲ್ಪ ಹೊತ್ತಿಗೆ ಕ್ಷಮಿಸಿಯೂ ಬಿಡುತ್ತಿದ್ದಳು. ಮಾವ ಅಷ್ಟರಲ್ಲಿ ಒಂದು ಕಾಲರ್ ಮುಗಿಸಿರುತ್ತಿದ್ದ.

ಇಂಥ ಬಾಯಿಗೆ ಒಂದು ಕುತ್ತು ಬಂತು. ಇಡೀ ಪಾಳಿ ಪೆಪ್ಪರ್‌ಮಿಂಟು ಚೀಪುವುದು, ಗಂಟೆಗೊಂದು ಟೀ, ಬೆಳಗ್ಗೆ ಬ್ರಷ್ ಬಾಯಲ್ಲಿಟ್ಟುಕೊಂಡೇ ಮಾತಾಡುತ್ತ ಎರಡು ಸಲ ಉಜ್ಜಿ ಮುಗಿಸುವುದು. ಇದೆಲ್ಲ ಸೇರಿ ಅತ್ತೆಯ ಒಸಡು ಊದಿಕೊಂಡು, ಮೇಲಿನ ಮುಂಬದಿಯ ಎರಡು ಹಲ್ಲು ಅಲುಗಾಡತೊಡಗಿದವು. ನೋವಿಗಿಂತ ದೊಡ್ಡ ತೊಂದರೆ ಮೈಕಿನಲ್ಲಿ ಕೇಳಿಸಿತು. ‘ಸಂಖ್ಯೆ’ ಎನ್ನುವಾಗ, ‘ಸಮಯ’ ಎನ್ನುವಾಗ ಹಲ್ಲಿನ ಸಂದಿಯಿಂದ ಸಣ್ಣದೊಂದು ಸೀಟಿ ಹೊರಟು, ಧ್ವನಿವರ್ಧಕದಲ್ಲಿ ಹತ್ತು ಪಟ್ಟಾಗಿ ನಿಲ್ದಾಣವನ್ನೆಲ್ಲ ಸುತ್ತುತ್ತಿತ್ತು. ಒಂದು ದಿನ ಗಿರಣಿ ಕಡೆಯ ಬಸ್ಸಿನ ಡ್ರೈವರ್ ಅದನ್ನು ತನ್ನ ಕಂಡಕ್ಟರನ ಸೀಟಿ ಎಂದುಕೊಂಡು ಗಾಡಿ ಬಿಟ್ಟೇಬಿಟ್ಟ. ಕಂಡಕ್ಟರ್ ಕೈಯಲ್ಲಿ ಟೀ ಲೋಟ ಹಿಡಿದುಕೊಂಡು ಮುಂದಿನ ತಿರುವಿನವರೆಗೆ ಓಡಿದ. ಲೋಟ ಚೆಲ್ಲಲಿಲ್ಲ ಎಂಬುದನ್ನು ಅವನು ಇಂದಿಗೂ ಹೇಳಿಕೊಳ್ಳುತ್ತಾನೆ.

ನಿಲ್ದಾಣದ ಮ್ಯಾನೇಜರ್ ಗೂಡಿನ ಮೆಟ್ಟಿಲು ಹತ್ತಿ ಬಂದರು. ಒಳ್ಳೆಯವರೇ, ಆದರೆ ಸದಾ ಗಡಿಬಿಡಿ. ಬೇರೆ ನಿಲ್ದಾಣಗಳಲ್ಲಿ ಆಗಲೇ ಧ್ವನಿಮುದ್ರಿತ ಪೆಟ್ಟಿಗೆ ಬಂದಿದೆ, ಗುಂಡಿ ಒತ್ತಿದರೆ ಅದೇ ಹೇಳುತ್ತದೆ ಎಂದು ತಿಳಿಸಿದರು.

“ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ ಮೈಕಮ್ಮ. ಆದ್ರೆ ಮೈಕಲ್ಲಿ ಸೀಟಿ ಹೊಡೆದ್ರೆ ಬಸ್ಸು ಹೊರಟುಹೋಗ್ತವೆ. ಹೊಸ ವೇಳಾಪಟ್ಟಿ ಬರೋ ಹೊತ್ತಿಗೆ ಇನ್ನೊಂದ್ಸಲ ಬಂದು ಕೇಳ್ತೀನಿ. ಆಗಲೂ ಹೀಗೇ ಇದ್ರೆ ಪೆಟ್ಟಿಗೆ ತರಿಸ್ತೀನಿ. ನಿಮಗೆ ಬಿಟ್ಟುಹೋದ ಸಾಮಾನಿನ ಕೋಣೆ.”

ಬಿಟ್ಟುಹೋದ ಸಾಮಾನಿನ ಕೋಣೆ ನಿಲ್ದಾಣದ ಹಿಂಭಾಗದಲ್ಲಿತ್ತು. ಅಲ್ಲಿ ಮಾತಾಡಿಸಲು ಕೊಡೆಗಳು, ಒಂಟಿ ಚಪ್ಪಲಿಗಳು ಮತ್ತು ಯಾರೋ ಬಿಟ್ಟುಹೋದ ಹಾರ್ಮೋನಿಯಂ ಬಿಟ್ಟರೆ ಯಾರೂ ಇರಲಿಲ್ಲ. ಅತ್ತೆ ಇದನ್ನು ಮನೆಯಲ್ಲಿ ದೊಡ್ಡ ತಮಾಷೆ ಮಾಡಿ ಹೇಳಿದಳು. ಕೊಡೆಗಳ ಜತೆ ಹೇಗೆ ಮಾತಾಡಬೇಕೆಂದು ಅಭ್ಯಾಸ ಮಾಡಿ ತೋರಿಸಿದಳು. ಕಪ್ಪು ಕೊಡೆಗೆ ಬಹುವಚನ, ಮುರಿದ ಕೊಡೆಗೆ ಸಾಂತ್ವನ. ನಾನು ನಕ್ಕು ನಕ್ಕು ಸುಸ್ತಾದೆ. ಆಮೇಲೆ ಒಳಗೆ ನೀರು ಕುಡಿಯಲು ಹೋದಾಗ, ಅವಳು ಕನ್ನಡಿಯ ಮುಂದೆ ನಿಂತು ನಾಲಗೆಯಿಂದ ಆ ಹಲ್ಲುಗಳನ್ನು ಮೆಲ್ಲಗೆ ಒತ್ತಿ ನೋಡುತ್ತಿದ್ದಳು. ನನ್ನನ್ನು ಕಂಡರೂ ಏನೂ ಹೇಳಲಿಲ್ಲ. ಅವಳು ಏನೂ ಹೇಳದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದೇ ಸಮಯಕ್ಕೆ ನಮ್ಮ ಕಾಲೇಜಿನ ಒಬ್ಬ ಡಾಕ್ಟರಮ್ಮ ತಮ್ಮ ಮೇಲಿನ ಪದವಿಗಾಗಿ ಒಂದು ಪ್ರಯೋಗ ಶುರುಮಾಡಿದ್ದರು. ಹಲ್ಲಿನ ಮೇಲೆ ದಿನವೂ ಕೂರುವ ಅಂಟು ಪೊರೆಗೆ ಪ್ಲಾಕ್ ಎನ್ನುತ್ತಾರೆ. ಒಸಡು ಊದುವುದಕ್ಕೆ, ಹಲ್ಲು ಸಡಿಲವಾಗುವುದಕ್ಕೆ ಅದೇ ಮೂಲ. ಅದನ್ನು ಹತೋಟಿಯಲ್ಲಿಡಲು ಬಾಯಿ ಮುಕ್ಕಳಿಸುವ ದ್ರವ, ಅಂದರೆ ಮೌತ್‌ವಾಶ್, ಬ್ರಷ್ಷಿಗೆ ನೆರವಾಗುತ್ತದೆ. ಆಸ್ಪತ್ರೆಗಳಲ್ಲಿ ಬಹಳ ಕಾಲದಿಂದ ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ಮೇಲೋ, ಲವಂಗ, ಪುದೀನ, ಗ್ರೀನ್ ಟೀ ಸತ್ವದಿಂದ ಮಾಡಿದ ನೈಸರ್ಗಿಕ ದ್ರವ ಮೇಲೋ ಎಂಬುದು ಡಾಕ್ಟರಮ್ಮನ ಪ್ರಶ್ನೆ. ದಿನವೂ ಒಂದೇ ಜಾಗದಲ್ಲಿ ಸಿಗುವ ಜನ ಬೇಕಾಗಿತ್ತು. ಬಸ್ ನಿಲ್ದಾಣದ ಸಿಬ್ಬಂದಿ ಮತ್ತು ಅವರ ಮನೆಯವರು ಆಗಬಹುದಲ್ಲ ಎಂದು ನಾನೇ ಹೇಳಿದೆ. ಸೀಸೆ ಹಂಚುವ ಕೆಲಸವೂ ನನಗೇ ಬಂತು. ಯಾರಿಗೆ ಯಾವ ಸೀಸೆ ಹೋಗಿದೆ ಎಂದು ಹಲ್ಲು ನೋಡುವ ಡಾಕ್ಟರಮ್ಮನಿಗೆ ಗೊತ್ತಾಗಬಾರದು. ಗೊತ್ತಾದರೆ ಕಣ್ಣು ತಾನಾಗಿ ಒಂದು ಕಡೆ ವಾಲುತ್ತದೆ. ಗುಟ್ಟು ಕಾಯಬೇಕು ಎಂದು ಎಲ್ಲರಿಗೂ ಒಂದು ಸಲ ಹೇಳಿದೆ. ಅತ್ತೆಗೆ ಮಾತ್ರ ದಿನವೂ ಹೇಳುತ್ತಿದ್ದೆ.

ಮೊದಲ ದಿನ ಡ್ರೈವರುಗಳ ವಿಶ್ರಾಂತಿ ಕೋಣೆಯಲ್ಲಿ ಎಲ್ಲರಿಗೂ ಒಂದೊಂದು ಗುಲಾಬಿ ಮಾತ್ರೆ ಜಗಿಯಲು ಕೊಟ್ಟೆವು. ಪ್ಲಾಕ್ ಇರುವಲ್ಲೆಲ್ಲ ಅದು ಗುಲಾಬಿ ಬಣ್ಣ ಹಿಡಿಯುತ್ತದೆ, ಡಾಕ್ಟರಮ್ಮ ಪುಟ್ಟ ಕನ್ನಡಿ ಹಿಡಿದು ಪ್ರತಿ ಹಲ್ಲಿಗೂ ಅಂಕ ಕೊಡುತ್ತಾರೆ. ದೊಡ್ಡ ದೊಡ್ಡ ಮೀಸೆಯ ಡ್ರೈವರುಗಳು ಬಾಯಿ ತೆರೆದರೆ ಒಳಗೆ ಕೆಂಗುಲಾಬಿ ತೋಟ. ಒಬ್ಬರನ್ನೊಬ್ಬರು ನೋಡಿ ನಕ್ಕರು, ನಕ್ಕಾಗ ಇನ್ನಷ್ಟು ಕಂಡಿತು, ಅದಕ್ಕೆ ಇನ್ನಷ್ಟು ನಕ್ಕರು. ಆಮೇಲೆ ಹಲ್ಲು ಶುಚಿ ಮಾಡಿ, ಚೀಟಿ ಎತ್ತಿಸಿ, ಸೀಸೆ ಹಂಚಿದೆ. ಅತ್ತೆಗೆ ಹಸಿರು ಮುಚ್ಚಳದ ಸೀಸೆ ಬಂತು, ಅಂದರೆ ಲವಂಗದ್ದು. ಮಾವನಿಗೆ ಬಿಳಿ ಮುಚ್ಚಳ, ಕ್ಲೋರ್‌ಹೆಕ್ಸಿಡಿನ್. ನಿಯಮ ಇಬ್ಬರಿಗೂ ಒಂದೇ: ಬೆಳಗ್ಗೆ, ಸಂಜೆ, ಹಲ್ಲುಜ್ಜಿದ ಅರ್ಧ ಗಂಟೆಯ ಮೇಲೆ ಒಂದು ಮುಚ್ಚಳ ದ್ರವವನ್ನು ಬಾಯಲ್ಲಿ ಹಾಕಿ ಪೂರ್ತಿ ಒಂದು ನಿಮಿಷ ಮುಕ್ಕಳಿಸಬೇಕು. ನಿಮಿಷ ಅಳೆಯಲು, ಮಕ್ಕಳಿಗೆ ಕೊಡುವಂಥ ಪ್ಲಾಸ್ಟಿಕ್ಕಿನ ಮರಳು ಗಡಿಯಾರ.

ಮನೆಯಲ್ಲಿ ಎರಡು ಪಕ್ಷಗಳಾದವು. ಅತ್ತೆ ಹಸಿರು ಪಕ್ಷದ ನಾಯಕಿ, ವಕ್ತಾರೆ, ಪ್ರಚಾರಕಿ ಎಲ್ಲವೂ. ಎದುರು ಪಕ್ಷ ಸೂಜಿ ಕಚ್ಚಿಕೊಂಡು ಹ್ಞೂಂ ಅನ್ನುತ್ತಿತ್ತು. ಲವಂಗ ಎಂದರೆ ಗಿಡದ ಮೊಗ್ಗು, ಅದು ಬಾಯಿಗೆ ನೆಂಟ. ನಿಮ್ಮದು ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು, ಅದಕ್ಕೆ ತಂದೆತಾಯಿ ಯಾರು ಎಂದು ಕೇಳುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ಮಾವನ ನಾಲಗೆ ಹಾದಿ ತಪ್ಪಿತು. ಉಪ್ಪು ಹಾಕಿದ್ದೂ ಅವನಿಗೆ ಸಪ್ಪೆ. ಇನ್ನಷ್ಟು ಉಪ್ಪು ಸುರಿದುಕೊಂಡು ಉಣ್ಣುತ್ತಿದ್ದ. ಹಲ್ಲಿನ ಸಂದಿಗಳಲ್ಲಿ ಟೀ ಬಣ್ಣದ ಕಲೆಯೂ ಮೂಡತೊಡಗಿತು. ಕ್ಲೋರ್‌ಹೆಕ್ಸಿಡಿನ್‌ಗೆ ಈ ಎರಡು ಗುಣಗಳೂ ಇವೆ ಎಂದು ನಮ್ಮ ಪುಸ್ತಕದಲ್ಲೇ ಇತ್ತು. ನಿಲ್ಲಿಸಿದರೆ ರುಚಿ ಮರಳುತ್ತದೆ, ಕಲೆಯನ್ನು ಉಜ್ಜಿ ತೆಗೆಯಬಹುದು. ಅತ್ತೆಗೆ ಅಷ್ಟು ಸಾಕಾಯಿತು. ಎದುರು ಪಕ್ಷದ ಬಣ್ಣ ಬಯಲಾಗಿದೆ ಎಂದು ಬೀದಿಗೆ ಕೇಳಿಸುವಂತೆ ಸಾರಿದಳು.

ಎರಡು ವಾರಕ್ಕೆ ಮೊದಲ ತಪಾಸಣೆ. ಮತ್ತೆ ಗುಲಾಬಿ ಮಾತ್ರೆ. ಹಸಿರು ಸೀಸೆಯವರ ಬಾಯಿಯಲ್ಲೂ ಬಿಳಿ ಸೀಸೆಯವರ ಬಾಯಿಯಲ್ಲೂ ಬಣ್ಣ ಕಡಿಮೆಯಾಗಿತ್ತು. ಮಾವನ ಹಲ್ಲುಗಳ ಮೇಲೆ ಗುಲಾಬಿ ಹುಡುಕಬೇಕಾಗಿತ್ತು. ಅತ್ತೆಯ ಬಾಯಿ ಮಾತ್ರ ಮೊದಲ ದಿನದ್ದೇ ತೋಟ. ಡಾಕ್ಟರಮ್ಮ ಕನ್ನಡಿ ಕೆಳಗಿಟ್ಟು, ದ್ರವ ಬಾಯಲ್ಲಿ ನಿಲ್ಲುತ್ತಾ ಇದೆಯಾ ಎಂದು ಕೇಳಿದರು.

“ಬರುತ್ತೆ, ಹೋಗುತ್ತೆ,” ಎಂದಳು ಅತ್ತೆ. “ಬಸ್ ಸ್ಟ್ಯಾಂಡ್ ಅಲ್ವಾ ಡಾಕ್ಟರಮ್ಮ.”

ನಾನು ತಲೆ ತಗ್ಗಿಸಿದೆ. ನಡೆಯುತ್ತಿದ್ದುದು ಅದೇ. ಮುಚ್ಚಳ ಎತ್ತಿ ಬಾಯಿಗೆ ಹಾಕಿಕೊಳ್ಳುವಳು, ಮರಳು ಗಡಿಯಾರ ತಿರುಗಿಸುವಳು. ನಾಲ್ಕು ಕಾಳು ಉದುರುವಷ್ಟರಲ್ಲಿ ಹಾಲು ಉಕ್ಕುತ್ತಿದೆ ಎಂದೋ, ನಿನ್ನೆ ಒಬ್ಬಳು ಏನು ಹೇಳಿದಳು ಗೊತ್ತಾ ಎಂದೋ ತೊಟ್ಟಿಗೆ ಉಗಿದು ಮಾತು ಶುರು. ಒಂದು ನಿಮಿಷ ಸುಮ್ಮನಿರಲು ಅವಳಿಂದ ಆಗುತ್ತಿರಲಿಲ್ಲ. ಬೇಕೆಂದು ಮಾಡುತ್ತಿದ್ದುದಲ್ಲ, ಮಾತು ಬಂದಾಗ ಅವಳಿಗಿಂತ ಮೊದಲು ಬಾಯಿ ತೆರೆದುಕೊಳ್ಳುತ್ತಿತ್ತು.

ಡಾಕ್ಟರಮ್ಮ ನಗಲಿಲ್ಲ. “ತಪ್ಪು ಸೀಸೇದಲ್ಲ ಅಮ್ಮ. ಈ ಎರಡು ಹಲ್ಲು ಇನ್ನೂ ಉಳಿಯೋ ಹಂತದಲ್ಲಿವೆ. ಒಸಡು ಹೀಗೇ ಊದ್ಕೊಂಡಿದ್ರೆ ನಾನೇ ಕೀಳ್ಬೇಕಾಗುತ್ತೆ. ಕಟ್ಟಿಸಿದ ಹಲ್ಲಲ್ಲಿ ಮಾತು ರೂಢಿ ಆಗೋಕೆ ಟೈಮ್ ಬೇಕು. ನಿಮ್ಮ ಮ್ಯಾನೇಜರ್ ಅಷ್ಟು ದಿನ ಕಾಯ್ತಾರಾ?”

ದಾರಿಯುದ್ದಕ್ಕೂ ಅತ್ತೆ ಸುಮ್ಮನೆ ನಡೆದಳು. ಎದುರಿಗೆ ಸಿಕ್ಕ ಕಂಡಕ್ಟರುಗಳು ಏನಾಯ್ತು ಅಕ್ಕ ಎಂದು ಕೇಳಿ, ಉತ್ತರ ಬಾರದೆ ಗಾಬರಿಯಾಗಿ ನನ್ನ ಮುಖ ನೋಡಿದರು. ಮನೆಗೆ ಬಂದು ಹಲ್ಲುಜ್ಜಿ, ಅರ್ಧ ಗಂಟೆ ಕಳೆದ ಮೇಲೆ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಹಸಿರು ಮುಚ್ಚಳ ತುಂಬಿಸಿದಳು. ಬಾಯಿಗೆ ಹಾಕಿಕೊಂಡಳು, ಗಡಿಯಾರ ತಿರುಗಿಸಿದಳು. ಸ್ವಲ್ಪ ಹೊತ್ತಿಗೇ ಕಣ್ಣು ಅತ್ತಿತ್ತ ಓಡಿತು, ಕುತ್ತಿಗೆಯ ನರ ಉಬ್ಬಿತು. ಎಲ್ಲಿಂದಲೋ ಒಂದು ಮಾತು ಹೊರಟು ಬರುತ್ತಿರುವುದು ನಮಗೆ ಕಾಣುತ್ತಿತ್ತು.

ಆಗ ಮಾವ ಒಂದು ಕೆಲಸ ಮಾಡಿದ. ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿದಿಂಬಿಗೆ ಚುಚ್ಚಿದ. ಗಂಟಲು ಸರಿಮಾಡಿಕೊಂಡ.

“ಉಗೀಬೇಡ,” ಎಂದ. “ಒಂದು ವಿಷಯ ಹೇಳ್ತೀನಿ. ಎದೆ ಮೂವತ್ತೆಂಟು, ಎಡ ಭುಜ ಎರಡು ಬೆರಳು ಕೆಳಗೆ. ಒಬ್ಬ ಸಾಹೇಬರಿದ್ದಾರೆ. ತಿಂಗಳಿಗೊಂದ್ಸಲ ಬರ್ತಾರೆ. ಬಂದು, ಈ ಕೋಟು ಕುಗ್ಗಿಬಿಟ್ಟಿದೆ ಅಂತಾರೆ. ನಾನು ಬಿಚ್ಚಿ ಸಡಿಲ ಮಾಡ್ತೀನಿ. ಮುಂದಿನ ತಿಂಗಳು ಅದೇ ಕೋಟು ಹಿಗ್ಗಿಬಿಟ್ಟಿದೆ ಅಂತಾರೆ. ಬಿಗಿ ಮಾಡ್ತೀನಿ. ಆರು ವರ್ಷದಿಂದ ಒಂದೇ ಕೋಟು.”

ಅತ್ತೆಯ ಕಣ್ಣುಗಳು ಮೊದಲು ಹಿಗ್ಗಿದ್ದು ಗಂಡ ಮಾತಾಡಿದ್ದಕ್ಕೆ. ಆಮೇಲೆ ಹಿಗ್ಗಿದ್ದು ಮಾತಿಗೆ. ಯಾರು ಎಂದು ಕೈಯಲ್ಲಿ ಕೇಳಿದಳು. ಮಾವ ತಲೆಯಾಡಿಸಿದ. ಹೆಸರು ಹೇಳುವುದಿಲ್ಲ, ಅದು ಅಂಗಡಿಯ ಮರ್ಯಾದೆ. ಮತ್ತೆ ಯಾಕೆ ಎಂದು ಕೈ ಆಡಿಸಿದಳು. “ಕೋಟಿಗಾಗಿ ಬರೋದಲ್ಲ,” ಎಂದ ಮಾವ. “ಅಳತೆ ಕೊಡ್ತಾ ಕೊಡ್ತಾ, ಆ ನೇತುಹಾಕಿರೋ ನೇರಳೆ ಬಟ್ಟೆ ಯಾರದು ಅಂತ ಕೇಳ್ತಾರೆ.” ಅಷ್ಟರಲ್ಲಿ ಮರಳು ಮುಗಿಯಿತು. ಅತ್ತೆ ತೊಟ್ಟಿಗೆ ಓಡಿ ಉಗಿದು, ಆಮೇಲೆ ಏನಾಯ್ತು ಎಂದು ತಿರುಗಿ ನೋಡಿದರೆ ಮಾವನ ಬಾಯಲ್ಲಿ ಮತ್ತೆ ಸೂಜಿಗಳು.

ಆ ಸಂಜೆ ಅವಳು ಎಷ್ಟು ಗೋಗರೆದರೂ ಬಂದದ್ದು ಊಹ್ಞೂಂ ಮಾತ್ರ. ಮರುದಿನ ಬೆಳಗ್ಗೆ ಕರೆಯದೆಯೇ ಎದ್ದು, ಚೆನ್ನಾಗಿ ಹಲ್ಲುಜ್ಜಿ, ಅರ್ಧ ಗಂಟೆಗೂ ಮೊದಲೇ ಮುಚ್ಚಳ ಹಿಡಿದು ಸ್ಟೂಲಿನ ಮೇಲೆ ಕೂತಿದ್ದಳು.

ನಮಗೆ ನಿಧಾನವಾಗಿ ಅರ್ಥವಾಯಿತು. ಅಳತೆ ಕೊಡುವಾಗ ಮನುಷ್ಯ ಕೈ ಚಾಚಿಕೊಂಡು, ಅಲುಗದೆ, ಗೋಡೆ ನೋಡುತ್ತ ನಿಲ್ಲಬೇಕು. ಸುಮ್ಮನೆ ನಿಲ್ಲಲು ಮುಜುಗರ, ಎದುರಿಗೆ ಇರುವವನ ಬಾಯಲ್ಲಿ ಸೂಜಿ, ಅವನು ತಿರುಗಿ ಏನೂ ಕೇಳುವುದಿಲ್ಲ. ಹಾಗಾಗಿ ಊರಿನವರೆಲ್ಲ ಮನಸ್ಸಿನಲ್ಲಿದ್ದುದನ್ನು ಮಾವನ ತಲೆಯ ಮೇಲೆ ಸುರಿದು ಹೋಗಿದ್ದರು. ಒಂದೇ ಪ್ಯಾಂಟನ್ನು ಸರದಿಯ ಮೇಲೆ ತೊಟ್ಟು ಸಂದರ್ಶನಗಳಿಗೆ ಹೋದ ಅಣ್ಣತಮ್ಮಂದಿರು, ತೆಳ್ಳಗಾಗಿದ್ದೇನೆಂದು ಹೆಂಡತಿಗೆ ತೋರಿಸಲು ಸೊಂಟದ ಪಟ್ಟಿಯನ್ನು ಗುಟ್ಟಾಗಿ ದೊಡ್ಡದು ಮಾಡಿಸಿಕೊಂಡು ಹೋಗುವ ಬ್ಯಾಂಕಿನವರು, ಇಬ್ಬರೂ ಒಂದೇ ಬಟ್ಟೆ ಆರಿಸಿ ಆಮೇಲೆ ಮಾತು ಬಿಟ್ಟ ಗೆಳತಿಯರು. ಊರಿನ ಸುದ್ದಿಯೆಲ್ಲ ತನಗೆ ಗೊತ್ತು ಎಂದುಕೊಂಡಿದ್ದ ಅತ್ತೆಗೆ, ಅದರ ಉಗ್ರಾಣ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಇತ್ತೆಂದು ಗೊತ್ತಾದಾಗ ಆದದ್ದು ಹೇಳಲಾಗದ ಸಂಕಟ. ಹೇಳಲು ಬಾಯಿಯೂ ಖಾಲಿ ಇರಲಿಲ್ಲ.

ತೊಂದರೆ ಇದ್ದದ್ದು ನಗುವಿನದು. ಮಾವ ಮುಖ ಗಂಟಿಕ್ಕಿಕೊಂಡೇ ಹೇಳುತ್ತಿದ್ದ, ಅದಕ್ಕೇ ನಗು ಹೆಚ್ಚು ಬರುತ್ತಿತ್ತು. ಬ್ಯಾಂಕಿನವರ ಸೊಂಟದ ಕಥೆಯ ದಿನ ಅತ್ತೆಗೆ ತಡೆಯಲಾಗದೆ, ಬಾಯಲ್ಲಿದ್ದುದೆಲ್ಲ ಕಾರಂಜಿಯಾಗಿ, ಗೊಂಬೆಗೆ ತೊಡಿಸಿದ್ದ ಹೊಸ ಬಿಳಿ ಕೋಟಿನ ಮೇಲೆ ಬಿತ್ತು. ಒಗೆದು ಒಣಗಿಸಿದರೂ ಲವಂಗದ ವಾಸನೆ ಹೋಗಲಿಲ್ಲ. ಗಿರಾಕಿ ಬಂದು ತೊಟ್ಟು, ಮೂಸಿ, ಈ ಪರಿಮಳ ನನ್ನ ಇನ್ನೊಂದು ಕೋಟಿಗೂ ಹಾಕಿಕೊಡಿ ಎಂದ. ಆ ನಿಮಿಷ ಲೆಕ್ಕಕ್ಕಿಲ್ಲ ಎಂದು ನಾನು ಇನ್ನೊಂದು ಮುಚ್ಚಳ ಕೊಟ್ಟು ಮೊದಲಿನಿಂದ ಮಾಡಿಸಿದೆ. ಮಾವ ಆ ಸಲ ಒಂದು ಸಾವಿನ ಕಥೆ ಹೇಳಿದ.

ಮುಂದಿನ ತಪಾಸಣೆಗೆ ಅತ್ತೆಯ ಗುಲಾಬಿ ತೋಟ ಅರ್ಧ ಬಾಡಿತ್ತು. ಒಸಡಿನ ಊತ ಇಳಿದಿತ್ತು, ಬ್ರಷ್ಷಿನ ಮೇಲೆ ರಕ್ತ ಕಾಣುತ್ತಿರಲಿಲ್ಲ. ಆ ಎರಡು ಹಲ್ಲುಗಳನ್ನು ಡಾಕ್ಟರಮ್ಮ ಬೆರಳಿನಿಂದ ಅಲುಗಿಸಿ ನೋಡಿ, ಮೊದಲಿಗಿಂತ ಬಿಗಿಯಾಗಿವೆ, ಆದರೆ ಇನ್ನೂ ಪೂರ್ತಿ ಅಲ್ಲ, ಬಿಡಬೇಡಿ ಎಂದರು. ಏನು ಬದಲಾಯಿತು ಎಂದು ಕೇಳಿದಾಗ ಅತ್ತೆ ಮಾವನ ಕಡೆ ನೋಡಿದಳು. ಮಾವ ಹ್ಞೂಂ ಎಂದ.

ಅಷ್ಟರಲ್ಲಿ ಅತ್ತೆಗೆ ಬೆಳಗಿನ ಮೊದಲ ಪಾಳಿ ಬಿತ್ತು. ಮನೆಯಲ್ಲಿ ಹಲ್ಲುಜ್ಜಿ ಹೊರಟರೆ, ಅರ್ಧ ಗಂಟೆಯಾಗುವ ಹೊತ್ತಿಗೆ ಅವಳು ಮೈಕಿನ ಗೂಡಿನಲ್ಲಿರುತ್ತಿದ್ದಳು. ಮುಕ್ಕಳಿಸುವುದು ಅಲ್ಲೇ ಆಗಬೇಕು. ಒಬ್ಬಳೇ ಇದ್ದರೆ ಆಗದು ಎಂದು ಅವಳಿಗೇ ಗೊತ್ತು. ಹಾಗಾಗಿ ಮಾವ ಅಂಗಡಿ ತೆರೆಯುವ ಮುನ್ನ ಅವಳ ಜತೆ ಗೂಡಿಗೆ ಬರತೊಡಗಿದ. ಕಾಲೇಜಿಗೆ ಹೋಗುವ ದಾರಿಯಲ್ಲಿ ನಾನೂ ಸೀಸೆ ಹಿಡಿದು ಹತ್ತುತ್ತಿದ್ದೆ. ಬಸ್ಸುಗಳ ನಡುವೆ ಬಿಡುವಿರುವ ಒಂದು ನಿಮಿಷ ನೋಡಿಕೊಂಡು ಮುಕ್ಕಳಿಸುತ್ತಿದ್ದಳು. ಕೋಟಿನ ಸಾಹೇಬರ ಕಥೆಯನ್ನು ಮಾವ ಧಾರಾವಾಹಿಯಂತೆ ಎಳೆಯುತ್ತಿದ್ದ. ಸಾಹೇಬರು ನೇರಳೆ ಬಟ್ಟೆಯ ಬಗ್ಗೆ ಕೇಳುವರು; ಆ ನೇರಳೆ ಬಟ್ಟೆ ಹೊಲಿಸುವ ಹೆಂಗಸು ಬಂದು, ಆ ಬೂದು ಕೋಟು ಯಾರದು ಎಂದು ಕೇಳುವಳು; ಇಬ್ಬರಿಗೂ ಮಾವ ಸೂಜಿ ಕಚ್ಚಿಕೊಂಡು ಹ್ಞೂಂ ಅನ್ನುವನು. ಆರು ವರ್ಷದಿಂದ ಅಷ್ಟೇ. ಒಂದು ಮಾತು ಆಡಬಾರದಿತ್ತಾ ನೀವು ಎಂದು ಅತ್ತೆ ಉಗಿದ ಕೂಡಲೇ ಜಗಳಕ್ಕೆ ನಿಲ್ಲುತ್ತಿದ್ದಳು.

ಹೊಸ ವೇಳಾಪಟ್ಟಿ ಬರುವ ವಾರ. ಅತ್ತೆ ಮುಚ್ಚಳ ಬಾಯಿಗೆ ಸುರಿದುಕೊಂಡು ಗಡಿಯಾರ ತಿರುಗಿಸಿದ್ದಳಷ್ಟೆ, ಬೆಟ್ಟದ ಕಡೆಯ ಬಸ್ಸು ಹೇಳಿದ ಸಮಯಕ್ಕಿಂತ ಮೊದಲೇ ಒಳಗೆ ಬಂತು. ಹಾಗೆ ಆ ಬಸ್ಸು ಹಿಂದೆಂದೂ ಬಂದಿರಲಿಲ್ಲ. ಕೆಳಗೆ ಜನ ಗಂಟು ಮೂಟೆ ಎತ್ತಿಕೊಂಡು ಯಾವುದು, ಎಲ್ಲಿ ಎಂದು ಮೇಲೆ ನೋಡಿದರು. ಅತ್ತೆ ಮೈಕಿಗೆ ಕೈ ಹಾಕಿದಳು, ತೊಟ್ಟಿಯ ಕಡೆ ನೋಡಿದಳು, ಮರಳಿನ ಕಡೆ ನೋಡಿದಳು. ಉಗಿದಿದ್ದರೆ ಮುಗಿದುಹೋಗುತ್ತಿತ್ತು. ಉಗಿಯಲಿಲ್ಲ. ಮೈಕಿನ ಗುಂಡಿ ಒತ್ತಿ, ಅದರ ಕುತ್ತಿಗೆಯನ್ನು ಮಾವನ ಕಡೆ ತಿರುಗಿಸಿಬಿಟ್ಟಳು.

ಮಾವ ಒಮ್ಮೆ ನನ್ನನ್ನು ನೋಡಿದ. ಆಮೇಲೆ ಗಾಜಿನಾಚೆ ಕೆಳಗೆ ನೋಡಿ, ಮನೆಯಲ್ಲಿ ಕಥೆ ಹೇಳುವ ದನಿಯಲ್ಲೇ ಶುರುಮಾಡಿದ.

“ಕೇಳಿ. ಬೆಟ್ಟದ ಬಸ್ಸು ಬಂದಿದೆ. ನಾಲ್ಕರಲ್ಲಿ ನಿಂತಿದೆ. ಮೂರನೇ ಕಿಟಕಿ ಪರದೆ ಹೊಲಿಗೆ ಬಿಟ್ಟಿದೆ, ಅದೇ ಗುರುತು. ಉದ್ದ ಕೋಟಿನವರೇ, ಎಡ ತೋಳು ಒಂದಂಗುಲ ಜಾಸ್ತಿ ಇರೋರು, ನೀವೇ. ನೀವು ಹತ್ತುತ್ತಿರೋದು ಬಂದರಿನ ಬಸ್ಸು. ಬೆಟ್ಟಕ್ಕೆ ಹೋಗ್ಬೇಕು ಅಂತ ಮೊನ್ನೆ ಹೇಳಿದ್ರಿ. ಇಳೀರಿ.”

ಇಡೀ ನಿಲ್ದಾಣ ನಿಂತಲ್ಲೇ ತನ್ನ ತನ್ನ ತೋಳು ನೋಡಿಕೊಂಡಿತು. ಉದ್ದ ಕೋಟಿನವರು ಇಳಿದರು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಮಾವನಿಗೆ ಹುರುಪು ಬಂತು. ಆರರಲ್ಲಿ ನಿಂತವರ ಪೈಕಿ ಹಿಂದಿನ ಜೇಬು ಹರಿದಿರುವವರು ಪರ್ಸನ್ನು ಮುಂದಿಟ್ಟುಕೊಳ್ಳಬೇಕೆಂದು ಹೇಳಿದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಮ್ಯಾನೇಜರ್. ಹಿಂದಿನ ದಿನವೇ ಬರಬೇಕಾಗಿದ್ದವರು ಇಂದು, ಈ ನಿಮಿಷದಲ್ಲಿ ಬಂದಿದ್ದರು.

“ಏನಿದು? ಇವರ್ಯಾಕೆ ಮೈಕಲ್ಲಿ? ಮೈಕಮ್ಮ, ನೀವ್ಯಾಕೆ ಮಾತಾಡ್ತಿಲ್ಲ?”

ಅತ್ತೆ ಉಬ್ಬಿದ ಕೆನ್ನೆಯಲ್ಲಿ ಎದ್ದು ನಿಂತು ಮರಳು ಗಡಿಯಾರ ತೋರಿಸಿದಳು. ಮ್ಯಾನೇಜರಿಗೆ ಅರ್ಥವಾಗಲಿಲ್ಲ. ಹಲ್ಲು ಹೋಗೇಬಿಟ್ಟಿರಬೇಕು, ಬಾಯಿ ಊದಿದೆ ಎಂದುಕೊಂಡರು. ಆಗಲಿ ಬಿಡಿ, ಪೆಟ್ಟಿಗೆ ತರಿಸುವುದೇ ಸರಿ ಎಂದು ಬೇಸರದಿಂದಲೇ ಹೇಳಿದರು. ಇದು ದಂತ ಕಾಲೇಜಿನ ಪ್ರಯೋಗ, ಇನ್ನು ಕಾಲು ಭಾಗ ಮರಳು ಉಳಿದಿದೆ, ದಯವಿಟ್ಟು ನಿಲ್ಲಿ ಎಂದು ನಾನು ತೊದಲಿದೆ. ನಿಲ್ಲುವುದು ಅವರಿಗೆ ಕಷ್ಟದ ಕೆಲಸ. ಕಿಟಕಿಯ ಬಳಿ ಹೋದರು, ಬಂದರು, ಕೋಟಿನ ಅಂಚು ಹಿಡಿದು ಜಗ್ಗಿಕೊಂಡರು. ಬೂದು ಕೋಟು. ಎಡ ಭುಜ ಎರಡು ಬೆರಳು ಕೆಳಗೆ.

“ಥೂ, ಈ ಕೋಟು ಕುಗ್ಗಿಬಿಟ್ಟಿದೆ,” ಎಂದರು.

ಅತ್ತೆಯ ಮುಖ ಹೇಗಾಯಿತೆಂದು ನಾನು ಎಷ್ಟು ಬರೆದರೂ ಸಾಲದು. ಮೊದಲು ಕಣ್ಣು ಮಾವನ ಕಡೆ ಹೋಯಿತು. ಮಾವ ಚಾವಣಿ ನೋಡುತ್ತಿದ್ದ. ಆಮೇಲೆ ಕಿವಿ ಕೆಂಪಾಯಿತು, ಹೊಟ್ಟೆ ಕುಲುಕಿತು, ಕೆನ್ನೆಗಳು ಒಡೆಯುವಂತಾದವು. ಎದುರಿಗೆ ಮ್ಯಾನೇಜರ್, ಒಂದೇ ಮಾರು ದೂರದಲ್ಲಿ. ನಗು ಮೂಗಿನವರೆಗೆ ಬಂದದ್ದು ನನಗೆ ಕಂಡಿತು. ಅವಳು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಕಣ್ಣೀರು ಸುರಿಸುತ್ತ, ತುಟಿ ಬಿಡಲಿಲ್ಲ. ಬಾಯಿ ಮುಚ್ಚಿಕೊಂಡಿರಲು ಅವಳು ಜೀವಮಾನದಲ್ಲಿ ಪಟ್ಟ ದೊಡ್ಡ ಕಷ್ಟ ಅದು. ಕೊನೆಯ ಕಾಳು ಉದುರಿತು. ಮೂಲೆಯ ತೊಟ್ಟಿಗೆ ಹೋಗಿ ಮರ್ಯಾದೆಯಿಂದ ಉಗಿದು, ಬಾಯಿ ಒರೆಸಿಕೊಂಡು, ಬಂದು ಮೈಕಿನ ಮುಂದೆ ಕುಳಿತಳು.

“ಸಮಸ್ತ ಪ್ರಯಾಣಿಕರ ಗಮನಕ್ಕೆ. ಅಂಕಣ ಸಂಖ್ಯೆ ಆರರಲ್ಲಿ ಸಮುದ್ರ ತೀರದ ಬಸ್ಸು ಸಿದ್ಧವಾಗಿದೆ. ಸೀಟು ಸಿಗದವರು ಸಿಟ್ಟಾಗದೆ, ಸಾಲಿನಲ್ಲಿ ಸಾವಕಾಶವಾಗಿ ಸಾಗಿ.”

ಒಂದೇ ಒಂದು ಸೀಟಿಯಿಲ್ಲ. ಪ್ರತಿ ‘ಸ’ ತೊಳೆದಿಟ್ಟ ಲೋಟದಂತೆ ಬಂತು. ಕೆಳಗೆ ಯಾವ ಬಸ್ಸೂ ತಾನಾಗಿ ಹೊರಡಲಿಲ್ಲ. ಮ್ಯಾನೇಜರ್ ಇನ್ನೊಂದು ಹೇಳಿಸಿದರು, ಮತ್ತೊಂದು ಹೇಳಿಸಿದರು. ಅತ್ತೆ ನಾಲ್ಕನೆಯದನ್ನು ಕೇಳದೆಯೇ ಹೇಳಿದಳು, ಐದನೆಯದರಲ್ಲಿ ಸಿಪ್ಪೆ ಎಸೆದವನನ್ನು ಬೈದಳು. ಸಾಕು ಸಾಕು ಎಂದು ಅವರು ಕೈ ಎತ್ತಿದರು. ಪೆಟ್ಟಿಗೆ ಬೇರೆ ನಿಲ್ದಾಣಕ್ಕೆ ಹೋಗಲಿ ಎಂದು ಹೇಳಿ, ಇಳಿಯುವ ಮುನ್ನ ಮಾವನ ಹತ್ತಿರ ಬಂದು ದನಿ ತಗ್ಗಿಸಿ, ಸಂಜೆ ಅಂಗಡಿ ತೆರೆದಿರುತ್ತದೆಯೇ, ಕೋಟು ಸ್ವಲ್ಪ ಸಡಿಲ ಮಾಡಬೇಕಿತ್ತು ಎಂದರು. ಮಾವ ಹ್ಞೂಂ ಎಂದ. ಅವರು ಮೆಟ್ಟಿಲು ಇಳಿದು ಮರೆಯಾಗುವವರೆಗೆ ಅತ್ತೆ ತಡೆದುಕೊಂಡಳು. ಆಮೇಲೆ ನೆಲದ ಮೇಲೆ ಕೂತು ನಕ್ಕಳು. ನಾವೂ ಕೂತೆವು.

ಪ್ರಯೋಗ ಮುಗಿಯಿತು. ಯಾರ ಸೀಸೆ ಯಾವುದು ಎಂದು ನಾನು ಡಾಕ್ಟರಮ್ಮನಿಗೆ ತಿಳಿಸಿದೆ. ನಮ್ಮ ನಿಲ್ದಾಣದವರ ಮಟ್ಟಿಗೆ ಬಿಳಿ ಮುಚ್ಚಳದವರ ಹಲ್ಲಿನ ಮೇಲೆ ಪ್ಲಾಕ್ ಕೊಂಚ ಕಡಿಮೆ ಇತ್ತು. ಹಸಿರಿನವರು ಹಿಂದೆ ಬಿದ್ದರೂ ದೂರವಿರಲಿಲ್ಲ, ಅವರ ಹಲ್ಲಿನಲ್ಲಿ ಕಲೆಯಿಲ್ಲ, ನಾಲಗೆಯೂ ನೆಟ್ಟಗಿತ್ತು. ಜನ ಕಡಿಮೆ, ಇನ್ನೂ ದೊಡ್ಡ ಪ್ರಯೋಗ ಆಗಬೇಕು ಎಂದು ಡಾಕ್ಟರಮ್ಮ ಎಚ್ಚರಿಕೆಯಿಂದ ಬರೆದರು. ಅತ್ತೆ ಇದನ್ನು ಹಸಿರು ಪಕ್ಷದ ಗೆಲುವು ಎಂದು ಮೈಕಿನಲ್ಲಿ ಸಾರಿದಳು. ಮಾವ ಹಲ್ಲಿನ ಕಲೆ ತೆಗೆಸಿಕೊಂಡು ಬಂದು, ಊಟದಲ್ಲಿ ಮೊದಲ ಬಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದ. ಇನ್ನು ಮುಕ್ಕಳಿಸುವುದು ಬೇಡ, ಚೆನ್ನಾಗಿ ಉಜ್ಜಿ, ಸಂದಿಗಳನ್ನು ಶುಚಿಯಾಗಿಟ್ಟುಕೊಳ್ಳಿ, ಆರು ತಿಂಗಳಿಗೊಮ್ಮೆ ಬನ್ನಿ ಎಂದು ಡಾಕ್ಟರಮ್ಮ ಹೇಳಿದ್ದರು. ನಾನು ಸೀಸೆಗಳನ್ನು ವಾಪಸು ತೆಗೆದುಕೊಂಡೆ.

ಆ ಸಂಜೆ ಅತ್ತೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತಳು. ಸಾಹೇಬರು ಯಾರೆಂದು ಗೊತ್ತಾಯಿತು, ನೇರಳೆ ಬಟ್ಟೆಯವಳು ಯಾರು ಎಂದು ಕೇಳಿದಳು. ಊಹ್ಞೂಂ. ಗದರಿದಳು, ಬೇಡಿಕೊಂಡಳು, ಅವನ ಪರವಾಗಿ ತಾನೇ ನಾಲ್ಕಾರು ಹೆಸರು ಹೇಳಿ ನೋಡಿದಳು. ಮಾವ ಸೂಜಿ ಕಚ್ಚಿಕೊಂಡು ಮಿಷನ್ ತುಳಿಯುತ್ತಲೇ ಇದ್ದ. ಕೊನೆಗೆ ಅವಳು ಎದ್ದು ಒಳಗೆ ಹೋಗಿ, ಒಂದು ಲೋಟ ನೀರು ತಂದು, ಬಾಯಿ ತುಂಬ ತುಂಬಿಕೊಂಡು ಅವನೆದುರು ಕುಳಿತಳು. ಕೈಕಟ್ಟಿ, ಕಣ್ಣರಳಿಸಿ, ಒಳ್ಳೆಯ ಶಾಲಾ ಹುಡುಗಿಯ ಹಾಗೆ.

ಮಿಷನ್ ನಿಂತಿತು. ಮಾವ ಸೂಜಿಗಳನ್ನು ಒಂದೊಂದಾಗಿ ದಿಂಬಿಗೆ ಚುಚ್ಚಿದ.

“ನೇರಳೆ ಬಟ್ಟೆಯವರು ವಾರಕ್ಕೆ ಮೂರು ದಿನ ನಿನ್ನ ಗೂಡಿನ ಕೆಳಗೇ ನಿಂತಿರ್ತಾರೆ,” ಎಂದ. “ಬಂದರಿನ ಬಸ್ಸಿಗೆ.”